ಗುಲಾಬಿಯಕ್ಕ ಬಿಟ್‌ಕಾಯಿನ್ ಮುಡಿಪು ಕಟ್ಟಿದ ಮಳೆಗಾಲ

ಮೊನ್ನೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಬೆಳ್ತಂಗಡಿ ಬಸ್ಸು ಹತ್ತಿ ಕುಳಿತಿದ್ದೆ. ಮುಂದಿನ ಸೀಟಿಗೆ ಒಬ್ಬರು ಹೆಂಗಸು ಬಂದು ಕುಳಿತು, ಕಾಲಿನ ಬುಡದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡರು. ಚೀಲದೊಳಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಬೀಡಿ ಎಲೆ. ನೆನೆಸಿದ ಎಲೆಯ ಹಸಿ ವಾಸನೆ, ಅದರ ಹಿಂದೆಯೇ ಮೂಗಿನ ಒಳಗೆ ಚುಚ್ಚುವ ತಂಬಾಕಿನ ಖಾರ. ಬಸ್ಸು ಇನ್ನೂ ಹೊರಟಿರಲಿಲ್ಲ. ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ಕುಳಿತೆ. "ಎಂತ ಸಾರ್, ಅಲ್ಲಿ ಬಿಸಿಲಾ?" ಎಂದು ಕಂಡಕ್ಟರ್ ಕೇಳಿದ. ಹೌದು ಎಂದೆ. ಬೆಳಗ್ಗಿನಿಂದ ಮೋಡ ಕವಿದಿತ್ತು.

ನಾನೀಗ ಮೂಡುಬಿದಿರೆಯ ಒಂದು ಹಾಸ್ಟೆಲಿನಲ್ಲಿ ವಾರ್ಡನ್. ನೂರಿಪ್ಪತ್ತು ಹುಡುಗರು, ನೂರಿಪ್ಪತ್ತು ಫೋನು. ಊಟದ ಮೇಜಿನಲ್ಲಿ ಅವರು ಬಿಟ್‌ಕಾಯಿನ್ ಮಾತಾಡುತ್ತಾರೆ. "ಸಾರ್, ನೀವು ಆಗಲೇ ತಗೊಂಡಿದ್ರೆ ಈಗ ಕಾರಲ್ಲಿ ಬರ್ತಿದ್ರಿ" ಎಂದು ಒಬ್ಬ ತಮಾಷೆ ಮಾಡುತ್ತಾನೆ. ಆಗಲೇ ತೆಗೆದುಕೊಂಡಿದ್ದೆ ಎಂದು ನಾನು ಹೇಳಲು ಹೋಗುವುದಿಲ್ಲ. ಹೇಳಿದರೆ ಮತ್ತೆ ಎಂತ ಆಯಿತು ಎಂದು ಕೇಳುತ್ತಾರೆ, ಅದನ್ನು ಹೇಳುವ ತಾಳ್ಮೆ ನನಗಿಲ್ಲ. ಇಲ್ಲಿ ಬರೆದು ಮುಗಿಸುತ್ತೇನೆ.

ಆ ವರ್ಷ ನಾನು ಮುಂಡಾಜೆ ದಾಟಿ ಕಕ್ಕಿಂಜೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇರುವ ಒಂದು ಊರಿನಲ್ಲಿ ಪಂಚಾಯತ್ ಲೈಬ್ರೆರಿ ನೋಡಿಕೊಳ್ಳುತ್ತಿದ್ದೆ. ಮನೆ ಬಂಟ್ವಾಳದಲ್ಲಿ, ವಾರದ ಐದು ದಿನ ಉಜಿರೆಯಲ್ಲಿ ಒಂದು ಬಾಡಿಗೆ ಕೋಣೆ. ನನಗೆ ಸಿಗುತ್ತಿದ್ದದ್ದಕ್ಕೆ ಗೌರವಧನ ಎಂದು ಹೆಸರು. ಕೋಣೆಯ ಬಾಡಿಗೆ, ಬಸ್ಸಿನ ಚಾರ್ಜು ಕಳೆದರೆ ಉಳಿಯುತ್ತಿದ್ದದ್ದು ಗೌರವ ಮಾತ್ರ. ಲೈಬ್ರೆರಿ ಎಂದರೆ ತಗಡಿನ ಮಾಡಿನ ಒಂದು ಕೋಣೆ, ಮೂರು ಕಪಾಟು, ಪೇಪರ್ ಓದಲು ಒಂದು ಉದ್ದ ಮೇಜು. ಕೊರೊನಾದ ಗಲಾಟೆಯ ನಂತರ ಎರಡು ಕಂಪ್ಯೂಟರೂ ಇಂಟರ್‌ನೆಟ್ಟೂ ಬಂದವು. ಆ ಇಂಟರ್‌ನೆಟ್ಟಿನ ಹಿಂದೆಯೇ ಇಬ್ಬರು ಹೆಂಗಸರು ಬಂದರು, ತಡ್ಪೆ ಹಿಡಿದುಕೊಂಡು. ತಡ್ಪೆ ಎಂದರೆ ಮೊರ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ನಮ್ಮ ಕಡೆ ಬೀಡಿ ಕಟ್ಟುವುದು.

ಒಬ್ಬರು ಗುಲಾಬಿಯಕ್ಕ. ಐವತ್ತೈದು ದಾಟಿತ್ತು, ಮದುವೆ ಆಗಿರಲಿಲ್ಲ, ತಮ್ಮನ ಸಂಸಾರದೊಂದಿಗೆ ಇದ್ದರು. ಒಂಬತ್ತನೆಯ ವಯಸ್ಸಿನಿಂದ ಬೀಡಿ ಕಟ್ಟಿದವರು. ಇನ್ನೊಬ್ಬಳು ಪಕ್ಕದ ಮನೆಯ ಝೊಹರಾ, ಸುಮಾರು ಮೂವತ್ತೈದರ ಹೆಂಗಸು. ಅವಳ ತಮ್ಮ ನಾಸಿರ್ ದುಬೈಯಲ್ಲಿದ್ದ. ಅವನೊಂದಿಗೆ ವೀಡಿಯೋ ಕಾಲ್ ಮಾಡಲು ಅವರ ಅಂಗಳದಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಲೈಬ್ರೆರಿಯ ಜಗಲಿಯಲ್ಲಿ ಸಿಗುತ್ತಿತ್ತು. ಊಟ ಮುಗಿಸಿ ಇಬ್ಬರೂ ಅಲ್ಲೇ ಬಂದು ಕುಳಿತು ಸಂಜೆಯವರೆಗೆ ಬೀಡಿ ಕಟ್ಟುವುದು ರೂಢಿಯಾಯಿತು. ಪುಸ್ತಕಗಳಿಗೆ ತಂಬಾಕಿನ ವಾಸನೆ ಹಿಡಿಯುತ್ತದೆ ಎಂದು ನಾನು ಒಮ್ಮೆ ಹೇಳಿ ನೋಡಿದೆ.

"ಹಿಡಿಯಲಿ ಮಾಸ್ಟ್ರೆ," ಎಂದರು ಗುಲಾಬಿಯಕ್ಕ. "ಬೇಸರ ಮಾಡ್ಲಿಕ್ಕೆ ಓದುವವರು ಯಾರಾದ್ರೂ ಬರ್ಬೇಕಲ್ಲ?"

ಅವರು ಹೇಳಿದ್ದು ತುಳುವಿನಲ್ಲಿ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲೇ. ಶಾಲೆಯಲ್ಲಿ ಕಲಿಸದಿದ್ದರೂ ಅವರಿಗೆ ನಾನು ಮಾಸ್ಟ್ರು. ನಿಜ ಹೇಳಬೇಕೆಂದರೆ, ಅವರಿಬ್ಬರು ಬಾರದ ದಿನ ನನಗೇ ಆ ಕೋಣೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ.

ಗುಲಾಬಿಯಕ್ಕನಿಗೆ ಒಂದು ಕೆಮ್ಮು ಇತ್ತು. ಮಾತಿನ ನಡುವೆ ಬಂದರೆ ಮಾತು ಅಲ್ಲಿಗೇ ನಿಂತು, ಎರಡು ಬೀಡಿ ಕಟ್ಟುವಷ್ಟು ಹೊತ್ತು ಕಳೆದ ಮೇಲೆ ಮುಂದುವರಿಯುತ್ತಿತ್ತು. ಒಂದು ಶನಿವಾರ ನಾನು ಊರಿಗೆ ಹೋಗುವಾಗ ಅವರನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋಗಿ, ನನಗೆ ಗುರ್ತದ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ತಂಬಾಕಿನ ಧೂಳು, ಈ ಕೆಲಸ ಬಿಡಬೇಕು, ಬಿಡದಿದ್ದರೆ ಮದ್ದು ಕೊಟ್ಟು ಪ್ರಯೋಜನ ಇಲ್ಲ ಎಂದರು.

"ಬಿಟ್ಟು ಎಂತ ತಿನ್ನುದು ಅಂತ ಸಹ ಅದ್ರಲ್ಲೇ ಬರ್ದು ಕೊಡಿ ಡಾಕ್ಟ್ರೆ," ಎಂದರು ಗುಲಾಬಿಯಕ್ಕ.

ಆದರೆ ಬಿಟ್ಟರೆ ಏನು ಮಾಡಬೇಕು ಎಂದು ಅವರಿಗೆ ಗೊತ್ತಿತ್ತು. ಬೆಳ್ತಂಗಡಿಯ ಒಂದು ಅಂಗಡಿಯಲ್ಲಿ ಅವರು ದೊಡ್ಡ ಗ್ರೈಂಡರ್ ನೋಡಿ ಬಂದಿದ್ದರು, ಹಿಟ್ಟನ್ನು ಬಗ್ಗಿಸಿ ಹೊಯ್ಯಲು ಬರುವಂಥದ್ದು. ಅದೊಂದು ಇದ್ದರೆ ಇಡ್ಲಿ, ದೋಸೆಯ ಹಿಟ್ಟು ಕಡೆದು ಕಕ್ಕಿಂಜೆಯ ಎರಡು ಹೋಟೆಲಿಗೂ ಆಚೀಚೆಯ ಮನೆಗಳಿಗೂ ಕೊಡಬಹುದು. ಚಾರ್ಮಾಡಿ ಘಾಟಿ ಹತ್ತುವವರು ಅಲ್ಲಿ ತಿಂಡಿಗೆ ನಿಲ್ಲುತ್ತಾರೆ, ಹೋಟೆಲಿನವರು ಹಿಟ್ಟಿಗೆ ಬೇರೆಯವರನ್ನು ಕಾಯುತ್ತಾರೆ ಎಂದೆಲ್ಲ ವಿಚಾರಿಸಿ ಇಟ್ಟಿದ್ದರು. "ಆ ಕಲ್ಲನ್ನು ಮುಟ್ಟಿ ನೋಡಿದೆ ಮಾಸ್ಟ್ರೆ, ತಂಪು ಉಂಟು," ಎಂದು ಒಮ್ಮೆ ಹೇಳಿದರು. ಆದರೆ ಅವರು ಒಂದಿಷ್ಟು ಕೂಡಿಸುವಾಗ ಗ್ರೈಂಡರಿನ ರೇಟು ಅದಕ್ಕಿಂತ ಮೇಲೆ ಹೋಗಿರುತ್ತಿತ್ತು. ಇದು ಎಷ್ಟೋ ವರ್ಷದ ಕಥೆ.

ಆಗಲೇ ನಾಸಿರ್ ರಜೆಯಲ್ಲಿ ಬಂದದ್ದು. ಒಳ್ಳೆಯ ಹುಡುಗ, ದೊಡ್ಡಸ್ತಿಕೆ ಇಲ್ಲ. ಲೈಬ್ರೆರಿಯ ಮೇಜಿನ ಮೇಲೆ ಫೋನು ಇಟ್ಟು ನಮಗೆ ಮೂವರಿಗೂ ಬಿಟ್‌ಕಾಯಿನ್ ಎಂದರೇನೆಂದು ಹೇಳಿದ. ಅದು ಎಷ್ಟು ಇರಬೇಕೋ ಅಷ್ಟೇ ಇರುವುದು, ಯಾರೂ ಹೆಚ್ಚು ಅಚ್ಚು ಹಾಕಲು ಆಗುವುದಿಲ್ಲ, ಪೂರ್ತಿ ಒಂದನ್ನೇ ಕೊಳ್ಳಬೇಕೆಂದಿಲ್ಲ, ನೂರು ರೂಪಾಯಿಯ ಚೂರನ್ನೂ ಕೊಳ್ಳಬಹುದು ಎಂದ. ಅವನು ಕೊನೆಗೆ ಹೇಳಿದ್ದು ನನಗೆ ಸರಿಯಾಗಿ ನೆನಪಿದೆ.

"ವಾರಕ್ಕೊಮ್ಮೆ ಒಂದೇ ಮೊತ್ತ ಹಾಕಿ ಮಾಸ್ಟ್ರೆ. ಏರಿದ್ರೂ ಹಾಕಿ, ಇಳಿದ್ರೂ ಹಾಕಿ. ನಾಲ್ಕು ವರ್ಷ ಮುಟ್ಬೇಡಿ, ದಿನಾ ನೋಡ್ಲೂ ಬೇಡಿ. ಆದ್ರೆ ಒಂದು, ಹೋದ್ರೆ ಅಳದಷ್ಟು ಮಾತ್ರ ಹಾಕಿ."

ಈ ಕೊನೆಯ ಮಾತನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಲಾಬಿಯಕ್ಕನ ಹತ್ತಿರ ಹೋದರೆ ಅಳದಷ್ಟು ಎಂಬ ಹಣ ಇರಲೇ ಇಲ್ಲ.

ಝೊಹರಾಳಿಗೆ ಬಡ್ಡಿಯ ಹಣ ಬೇಡವಾಗಿತ್ತು, ಹಾಗಾಗಿ ಬ್ಯಾಂಕಿನಲ್ಲಿ ಡಿಪಾಸಿಟ್ ಇಡುತ್ತಿರಲಿಲ್ಲ. ಇದು ಆಗುತ್ತದೋ ಎಂದು ಮಸೀದಿಯ ಉಸ್ತಾದರನ್ನು ಕೇಳಿಸಿದಳು. ಅವರು ಎರಡು ದಿನ ಸಮಯ ತೆಗೆದುಕೊಂಡು, ನನಗೂ ತಿಳಿಯಲಿಲ್ಲ, ತಿಳಿಯದ್ದನ್ನು ಹೇಗೆ ಹೇಳಲಿ ಎಂದರಂತೆ. ಅಷ್ಟು ಪ್ರಾಮಾಣಿಕತೆ ನನಗಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ನಾನಂತೂ ಎರಡು ವಾರ ಕಂಪ್ಯೂಟರಿನ ಮುಂದೆ ಕುಳಿತು ಓದಿ, ಇದರಲ್ಲಿ ಪಂಡಿತನಾಗಿಬಿಟ್ಟೆ. ಜಗಲಿಯಲ್ಲಿ ನಿಂತು, ಬೀಡಿ ಕಟ್ಟುವ ಇಬ್ಬರು ಹೆಂಗಸರಿಗೆ ದೀರ್ಘಾವಧಿ ಹೂಡಿಕೆಯ ಬಗ್ಗೆ ಭಾಷಣ ಮಾಡಿದೆ. ಗುಲಾಬಿಯಕ್ಕ ಎಲ್ಲವನ್ನೂ ಕೇಳಿ, "ನೀವು ಹಾಕ್ತೀರಾ?" ಎಂದು ಕೇಳಿದರು. ಹಾಕುತ್ತೇನೆ ಎಂದೆ. "ಹಾಗಾದ್ರೆ ನನ್ನದೂ ಹಾಕಿ," ಎಂದರು.

ನವರಾತ್ರಿ ಕಳೆದ ಮೇಲೆ ಮೂವರೂ ಒಂದೇ ದಿನ ಶುರು ಮಾಡಿದೆವು. ಗುಲಾಬಿಯಕ್ಕನ ಆಧಾರ್, ಪ್ಯಾನ್ ಎಲ್ಲ ತುಂಬಿಸಿ, ಸೋಮವಾರ ಸೋಮವಾರ ನೂರು ರೂಪಾಯಿ ತನ್ನಿಂದ ತಾನೇ ಹೋಗುವ ಹಾಗೆ ಮಾಡಿದೆ. ಎಲೆ, ತಂಬಾಕು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಮಜೂರಿಯನ್ನು ಬ್ಯಾಂಕಿಗೇ ಹಾಕುತ್ತಿದ್ದುದರಿಂದ ಅದಕ್ಕೆ ತೊಂದರೆ ಇರಲಿಲ್ಲ. ಮೊದಲಿನ ಸ್ವಲ್ಪ ದಿನ ಏರಿತು. ಅಯ್ಯೋ, ಆಗಿನ ನಮ್ಮ ಅವಸ್ಥೆ! ದಿನಾ ನೋಡಬಾರದು ಎಂದಿದ್ದ ಮಾತು ಒಂದು ವಾರ ಸಹ ನಿಲ್ಲಲಿಲ್ಲ. ಝೊಹರಾ ನಮ್ಮಿಬ್ಬರನ್ನು ತಮಾಷೆ ಮಾಡುತ್ತಿದ್ದಳು.

"ಗುಲಾಬಿಯಕ್ಕ, ಗ್ರೈಂಡರ್ ಬಂದ ಮೇಲೆ ನಮ್ಮನ್ನೆಲ್ಲ ಮಾತಾಡಿಸ್ಲಿಕ್ಕುಂಟಾ?"

"ನಿನಗೆ ಹಿಟ್ಟು ಕಡಕ್ಕೆ. ಮಾಸ್ಟ್ರಿಗೆ ನಗದು."

ಅವರು ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿನ ನಡುವೆಯೂ ನಗುತ್ತಿದ್ದರು. ಆ ಚಳಿಗಾಲದ ನಗುವನ್ನು ನಾನು ಮರೆತಿಲ್ಲ.

ಆಮೇಲೆ ಇಳಿಯತೊಡಗಿತು. ಮಾರ್ಚಿನಲ್ಲಿ ಇಳಿದದ್ದು ಏಪ್ರಿಲಿನಲ್ಲಿ ಏರೀತು ಎಂದೆ. ಮೇ ತಿಂಗಳಲ್ಲಿ ಇನ್ನೂ ಇಳಿಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಏರಿದ್ದ ಜಾಗದಿಂದ ಅರ್ಧಕ್ಕೂ ಕೆಳಗೆ ಬಂದಿತ್ತು. ಆ ಸಲದ ಮಳೆಯೂ ಹಾಗೆಯೇ, ಬಿಡುವು ಕೊಡದ ಮಳೆ. ಘಾಟಿಯಲ್ಲಿ ಗುಡ್ಡ ಜಾರಿ ಮೂರು ಸಲ ರಸ್ತೆ ಬಂದ್ ಆಯಿತು. ಬಂಟ್ವಾಳದ ಪೇಟೆಗೆ ನೇತ್ರಾವತಿಯ ನೀರು ಬರಬಹುದೆಂದು ಮನೆಯಿಂದ ದಿನಾ ಫೋನು. ಲೈಬ್ರೆರಿಯಲ್ಲಿ ಪುಸ್ತಕಗಳಿಗೆ ಬೂಸ್ಟು ಹಿಡಿಯಿತು, ಜಗಲಿಯಲ್ಲಿ ಬೀಡಿ ಎಲೆಗೂ. ಬೂಸ್ಟು ಹಿಡಿದ ಬೀಡಿಯನ್ನು ಬ್ರಾಂಚಿನಲ್ಲಿ ತಿರಸ್ಕರಿಸಿ ಬದಿಗೆ ಹಾಕುತ್ತಿದ್ದರು. ಅದಕ್ಕೆ ಮಜೂರಿ ಇಲ್ಲ. ವಾರಕ್ಕೆ ಮೂರೇ ದಿನದ ಎಲೆ ಕೊಡತೊಡಗಿದರು. ಸೋಮವಾರದ ನೂರು ಮಾತ್ರ ತಪ್ಪದೆ ಹೋಗುತ್ತಿತ್ತು.

ಮೊದಲು ಝೊಹರಾ ಮಾರಿದಳು. ಮಗಳ ಕಾಲೇಜಿಗೆ ಫೀಸು ಕಟ್ಟುವ ದಿನ ಬಂದಿತ್ತು. "ನಾಸಿರ್ ಬೈತಾನೆ. ಬೈಯಲಿ, ಅವನಿಗೆ ಅಲ್ಲಿ ಮಳೆ ಇಲ್ಲ," ಎಂದಳು. ಹಾಕಿದ್ದರ ಅರ್ಧ ಸಿಕ್ಕಿತು. ಅವಳು ಅದಕ್ಕಾಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅದರ ಮರುವಾರ ಒಂದು ಬೆಳಿಗ್ಗೆ, ನಾನು ಬಾಗಿಲು ತೆಗೆಯುವ ಹೊತ್ತಿಗೇ ಗುಲಾಬಿಯಕ್ಕ ಬಂದು ನಿಂತಿದ್ದರು. ತಡ್ಪೆ ಇರಲಿಲ್ಲ. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ.

"ಮಾಸ್ಟ್ರೆ, ಮಾರುವನಾ?"

"ಯಾಕೆ, ಹಣದ ಅಗತ್ಯ ಉಂಟಾ?"

"ಅಗತ್ಯ ಯಾವಾಗ ಇರ್ಲಿಲ್ಲ? ಅದಲ್ಲ. ನಿದ್ರೆ ಬರುದಿಲ್ಲ. ಬೀಡಿ ಕಟ್ಟುವಾಗ ಸಹ ಅದೇ ಕಣ್ಣಿಗೆ ಕಟ್ತದೆ. ನಿನ್ನೆ ಒಂದು ಕಟ್ಟಿನಲ್ಲಿ ಮೂರು ಬೀಡಿ ಕಡಿಮೆ ಹಾಕಿದ್ದೇನೆ. ನನಗೆ ಹಾಗೆ ಆದದ್ದೇ ಇಲ್ಲ. ಇದ್ದಷ್ಟು ತೆಗ್ದುಬಿಡುವ ಅಂತ."

ಈಗ ಮಾರಿದರೆ ಗ್ರೈಂಡರಿನ ಮಾತು ಅಲ್ಲಿಗೇ ಮುಗಿದ ಹಾಗೆ. ನಾನೇ ತೊಡಗಿಸಿದ್ದು, ನನ್ನ ಮಾನವೂ ಅದರಲ್ಲಿತ್ತು. ಓದಿದ್ದೆಲ್ಲ ಹೇಳಿದೆ, ಹಿಂದೆಯೂ ಹೀಗೆ ಬಿದ್ದು ಎದ್ದಿದೆ ಎಂದೆ, ತಾಳ್ಮೆ ಬೇಕು ಎಂದೆ. ಅವರ ಮುಖ ಹಾಗೇ ಇತ್ತು. ಕೊನೆಗೆ, ನನ್ನ ಬುದ್ಧಿವಂತಿಕೆಯ ಬಾಯಿಗೆ ಒಂದು ಮಾತು ಬಂತು.

"ಗುಲಾಬಿಯಕ್ಕ, ಧರ್ಮಸ್ಥಳಕ್ಕೆ ಅಂತ ಮುಡಿಪು ಕಟ್ಟಿಟ್ರೆ ನೀವು ನಡುವಿನಲ್ಲಿ ಬಿಚ್ತೀರಾ?"

"ಎಂತ ಮಾತು ಮಾರಾಯ್ರೆ! ಅದನ್ನು ಮುಟ್ಲಿಕ್ಕುಂಟಾ?"

"ಹಾಗಾದ್ರೆ ಇದನ್ನೂ ಒಂದು ಮುಡಿಪು ಅಂತ ಎಣಿಸಿ. ಎಷ್ಟಾಯ್ತು ಅಂತ ನೋಡುದು ಬೇಡ, ಬಿಚ್ಚುದು ಬೇಡ. ದಿನ ಬಂದಾಗ ಬಿಚ್ಚಿದ್ರಾಯ್ತು."

ಅವರು, "ಆಲೋಚನೆ ಮಾಡ್ತೇನೆ," ಎಂದು ಮಳೆಯಲ್ಲಿ ಇಳಿದು ಹೋದರು. ನಮ್ಮ ಕಡೆ ಮುಡಿಪು ಎಂದರೆ ತಮಾಷೆಯಲ್ಲ. ಹರಕೆಯ ಹಣವನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟರೆ, ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ಅದಕ್ಕೆ ಕೈ ಹಾಕುವವರಿಲ್ಲ. ಅದರಲ್ಲೂ ಧರ್ಮಸ್ಥಳದ ಹೆಸರು ಬಾಯಿಗೆ ಬಂದರೆ ಮಾತು ಹಿಂದೆ ತೆಗೆಯಲಿಕ್ಕಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಒಂದು ಉದಾಹರಣೆಯ ಹಾಗೆ ಬಳಸಿದೆ, ಮತ್ತು ಒಳ್ಳೆಯ ಉದಾಹರಣೆ ಎಂದು ಒಳಗೊಳಗೇ ಖುಷಿಪಟ್ಟೆ.

ಅದೇ ಮಧ್ಯಾಹ್ನ ಫೋನು ತೆಗೆದು ನೋಡಿದೆ. ಇನ್ನೂ ಇಳಿದಿತ್ತು. ಬೆಳಿಗ್ಗೆಯಿಂದ ನಾನು ಹೇಳಿದ ಯಾವ ಮಾತೂ ನನ್ನ ಸಹಾಯಕ್ಕೆ ಬರಲಿಲ್ಲ. ನನ್ನದು ಅವರದ್ದಕ್ಕಿಂತ ಹೆಚ್ಚಿತ್ತು, ಹಳೆಯ ಉಳಿತಾಯದಿಂದ ವಾರಕ್ಕೆ ಐನೂರರ ಲೆಕ್ಕ. ಊಟದ ಡಬ್ಬಿ ಮುಚ್ಚಿಟ್ಟು, ನನ್ನದೆಲ್ಲವನ್ನೂ ಮಾರಿಬಿಟ್ಟೆ. ಎರಡು ಸಲ ಒತ್ತಿದರೆ ಮುಗಿಯುವ ಕೆಲಸ. ಆಮೇಲೆ ಹಣ ಬ್ಯಾಂಕಿಗೆ ಬಾರದೆ ಹೆದರಿ, ನಾಸಿರನಿಗೆ ಫೋನು ಮಾಡಿ ಕೇಳಿದೆ. ತಗಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಅವನಿಗೆ ಕೇಳಿಸಬೇಕಾದರೆ ಬೊಬ್ಬೆ ಹೊಡೆಯಬೇಕಿತ್ತು. ನಾಳೆ ಬರುತ್ತದೆ ಎಂದ ಅವನು. ಆ ಹೊತ್ತಿನಲ್ಲಿ ನನಗೆ ನಾಚಿಕೆಯೂ ಆಗಲಿಲ್ಲ. ಹಗುರವಾಯಿತು, ಅಷ್ಟೇ.

ಮರುದಿನ ಗುಲಾಬಿಯಕ್ಕ ಬಂದರು. ಸ್ನಾನ ಮಾಡಿ, ತಲೆಗೆ ಹೂ ಮುಡಿದಿದ್ದರು. ಕೈಯಲ್ಲಿ ಅಂಗೈ ಅಗಲದ ಬಿಳಿ ಬಟ್ಟೆ, ಅರಸಿನದಲ್ಲಿ ಅದ್ದಿ ಒಣಗಿಸಿದ್ದು. ಆ ಮಳೆಯಲ್ಲಿ ಎಲ್ಲಿ ಒಣಗಿಸಿದರೋ, ಒಲೆಯ ಮೇಲೆಯೇ ಇರಬೇಕು, ಹೊಗೆಯ ವಾಸನೆ ಇತ್ತು.

"ಅದರ ಗುಟ್ಟಿನ ಶಬ್ದ ಉಂಟಲ್ಲ, ಅದನ್ನು ಬದಲು ಮಾಡಿ. ನನಗೆ ಹೇಳ್ಬೇಡಿ, ನೀವೂ ನೆನಪಿಟ್ಕೊಳ್ಬೇಡಿ. ಒಂದು ಚೀಟಿಯಲ್ಲಿ ಬರ್ದು ಮಡ್ಚಿ ಕೊಡಿ," ಎಂದರು.

ಪಾಸ್‌ವರ್ಡ್ ಬದಲಾಯಿಸಿ, ಚೀಟಿಯಲ್ಲಿ ಬರೆದು ನಾಲ್ಕು ಮಡಿಕೆ ಮಾಡಿ ಕೊಟ್ಟೆ. ಆಪನ್ನು ಫೋನಿನಿಂದ ತೆಗೆಸಿದರು. ಬಟ್ಟೆಯಲ್ಲಿ ಆ ಚೀಟಿ, ಅದರ ಜೊತೆಗೆ ಒಂದು ರೂಪಾಯಿಯ ನಾಣ್ಯ ಇಟ್ಟು ಗಂಟು ಹಾಕಿ, ಕಣ್ಣಿಗೆ ಒತ್ತಿಕೊಂಡರು. ತುಟಿ ಅಲುಗಿತು, ಏನು ಹೇಳಿಕೊಂಡರೋ ನನಗೆ ಕೇಳಿಸಲಿಲ್ಲ. ನನ್ನ ಮಾತು ಅವರಿಗೆ ತಾಗಿತು ಎಂದು ನಾನು ಎಣಿಸಿದೆ. ನಾನು ಮಾರಿದ್ದನ್ನು ಹೇಳಲಿಲ್ಲ. ಹೇಳಿದರೆ ಅವರ ಧೈರ್ಯ ಹೋದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಮಳೆಗಾಲ ಹೇಗೋ ಕಳೆಯಿತು. ಸೋಮವಾರದ ನೂರು ಹೋಗುತ್ತಲೇ ಇತ್ತು, ಆದರೆ ಗುಲಾಬಿಯಕ್ಕ ಮತ್ತೆ ಒಂದು ದಿನವೂ ರೇಟು ಎಷ್ಟು ಎಂದು ಕೇಳಲಿಲ್ಲ. ಝೊಹರಾ ಮಾತು ತೆಗೆದರೂ, "ಅದರ ಸುದ್ದಿ ಬೇಡ," ಎಂದುಬಿಡುತ್ತಿದ್ದರು. ಅವರಿಗೆ ನಿದ್ರೆ ಬಂತು, ನನಗೆ ಹೋಯಿತು. ಮರುವರ್ಷ ನಾನು ಲೈಬ್ರೆರಿ ಬಿಟ್ಟು ಮೂಡುಬಿದಿರೆಗೆ ಬಂದೆ. ರೇಟು ನಿಧಾನಕ್ಕೆ ಏರುವುದನ್ನು ಪೇಪರಿನಲ್ಲಿ ನೋಡುತ್ತಿದ್ದೆ. ಆ ಪುಟ ಬಂದರೆ ಮಗುಚಿ ಹಾಕುತ್ತಿದ್ದೆ.

ಕಳೆದ ವರ್ಷ ನವರಾತ್ರಿ ಕಳೆದ ಮೇಲೆ ಅವರ ಫೋನು ಬಂತು.

"ಮಾಸ್ಟ್ರೆ, ನಾಲ್ಕು ವರ್ಷ ಆಯ್ತಲ್ಲ. ಬಿಚ್ಚುವ ದಿನ ಬಂತು. ಒಮ್ಮೆ ಬರ್ತೀರಾ?"

ಆ ದಿನ ಹಾಸ್ಟೆಲಿಗೆ ರಜೆ ಹಾಕಿ ಹೋದೆ. ಅಷ್ಟು ಸಂತೋಷ ನನಗೆ ಯಾವ ಕಾಲದಲ್ಲಿ ಆಗಿತ್ತೋ! ನಾನು ಸೋತರೂ ಅವರು ಗೆದ್ದರು, ನನ್ನ ಮಾತಿನಿಂದ ಗೆದ್ದರು ಎಂದು ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಕುಳಿತಿದ್ದೆ. ಬೆಳ್ತಂಗಡಿಯಲ್ಲಿ ಇಳಿದು ಆ ಅಂಗಡಿಗೆ ಹೋಗಿ ಗ್ರೈಂಡರಿನ ರೇಟು ಸಹ ಕೇಳಿಕೊಂಡೆ. ಅವರ ಮನೆಯಲ್ಲಿ ದೇವರ ಫೋಟೋದ ಮುಂದೆ ಆ ಗಂಟು ಇತ್ತು, ಅರಸಿನದ ಬಣ್ಣ ಹೊಗೆ ಹಿಡಿದು ಕಪ್ಪಾಗಿತ್ತು. ದೀಪ ಹಚ್ಚಿ, ಕೈ ಮುಗಿದು, ಅವರೇ ಬಿಚ್ಚಿದರು. ಚೀಟಿ ನೋಡಿ ತೆರೆದೆ. ಸರ್ಕಾರಕ್ಕೆ ಹೋಗಬೇಕಾದ ತೆರಿಗೆಯ ಪಾಲನ್ನು ಬೇರೆ ಇಟ್ಟರೂ, ಒಂದು ಗ್ರೈಂಡರ್ ಬಂದು, ಕರೆಂಟಿನ ವಯರಿಂಗ್ ಆಗಿ, ಮತ್ತೂ ಮಿಗುವಷ್ಟಿತ್ತು. ಬಾಗಿಲಲ್ಲಿ ನಿಂತಿದ್ದ ಝೊಹರಾ, "ಯಾ ಅಲ್ಲಾಹ್!" ಎಂದಳು. ಗುಲಾಬಿಯಕ್ಕ ನೀರು ಕುಡಿದರು. ಅವರ ಕೆಮ್ಮು ಹಿಂದಿನದಲ್ಲ, ಈಗ ಅದು ಮಾತಿಗೆ ಜಾಗವನ್ನೇ ಕೊಡುತ್ತಿರಲಿಲ್ಲ.

ಹಣ ಬ್ಯಾಂಕಿಗೆ ಬರಲು ಎರಡು ದಿನ ಬೇಕಾಯಿತು. ಮೂರನೆಯ ದಿನ ನಾನು ಮತ್ತೆ ಹೋದೆ. ಬೆಳ್ತಂಗಡಿಯಲ್ಲಿ ತೆರಿಗೆಯ ಪಾಲನ್ನು ಖಾತೆಯಲ್ಲೇ ಬಿಟ್ಟು, ಉಳಿದದ್ದನ್ನು ತೆಗೆದೆವು. ಗ್ರೈಂಡರಿನ ಅಂಗಡಿ ಬ್ಯಾಂಕಿನಿಂದ ಎಡಕ್ಕೆ. ಗುಲಾಬಿಯಕ್ಕ ಬಲಕ್ಕೆ ನಡೆದರು.

"ಈ ಕಡೆ, ಗುಲಾಬಿಯಕ್ಕ."

"ಅಲ್ಲಿ ಎಂತ? ಧರ್ಮಸ್ಥಳದ ಬಸ್ಸು ಈಚೆ ನಿಲ್ಲುದು."

ನನಗೆ ಮೊದಲು ಅರ್ಥವಾಗಲಿಲ್ಲ. ಒಂದು ಪಾಲು ಕಾಣಿಕೆ ಹಾಕಿ ಬರಲಿಕ್ಕಿರಬೇಕು, ನ್ಯಾಯವೇ ಎಂದುಕೊಂಡೆ. ಎಷ್ಟು ಹಾಕುತ್ತೀರಿ ಎಂದು ಕೇಳಿದೆ.

"ಎಷ್ಟು ಅಂದ್ರೆ? ಮುಡಿಪಲ್ವಾ? ಪೂರಾ."

ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುವ ಹಾಗೆ ನಾನು ಅವರೊಂದಿಗೆ ಜಗಳಕ್ಕೆ ನಿಂತೆ. ನಾನು ಹೇಳಿದ್ದು ಮುಡಿಪು ಅಂತ ಎಣಿಸಿ ಅಂತ, ಮುಡಿಪು ಕಟ್ಟಿ ಅಂತಲ್ಲ ಎಂದೆ. ಡಾಕ್ಟರು ಹೇಳಿದ್ದು ನೆನಪಿಲ್ಲವಾ ಎಂದೆ. ಬೇಕಾದರೆ ಅಲ್ಲಿಯೇ ಕೇಳುವ, ತಪ್ಪುಕಾಣಿಕೆ ಹಾಕಿ ಉಳಿದದ್ದು ತೆಗೆದುಕೊಳ್ಳಿ ಎಂದರೆ ತೆಗೆದುಕೊಳ್ಳುವ ಎಂದೆ. ಸಿಟ್ಟಿನಲ್ಲಿ ಸ್ವರ ಏರಿತ್ತು.

"ಕೇಳ್ಬಹುದು," ಎಂದರು ಅವರು ಸಮಾಧಾನದಲ್ಲಿ. "ಅಲ್ಲಿಯವರು ಬಿಡಿ ಅಂದ್ರೂ ನನಗೆ ಬಿಡ್ಲಿಕ್ಕೆ ಆಗ್ಬೇಕಲ್ಲ ಮಾಸ್ಟ್ರೆ? ನಿನ್ನದು ಅಂತ ಹೇಳಿ ದೇವರ ಹತ್ರ ಇಷ್ಟು ವರ್ಷ ಕಾವಲು ಮಾಡ್ಸಿದ್ದೇನೆ. ಈಗ ಹೆಚ್ಚಾಯ್ತು ಅಂತ ನನ್ನದು ಅನ್ನುದಾ?"

"ನಿಮ್ಮ ಕೈಯ ಮಜೂರಿ ಅದು. ಅವನದ್ದು ಹೇಗಾಗ್ತದೆ?"

"ನನ್ನದಾಗಿದ್ರೆ ಆ ಮಳೆಗಾಲದಲ್ಲೇ ಮಾರಿ ಹೋಗ್ತಿತ್ತು."

ಬಸ್ಸು ಬಂತು, ಹತ್ತಿದೆವು.

ಧರ್ಮಸ್ಥಳದಲ್ಲಿ ಆ ದಿನ ಜನ ಕಡಿಮೆ. ಅವರು ಹಣವನ್ನು ಅದೇ ಹಳದಿ ಬಟ್ಟೆಯಲ್ಲಿ ಕಟ್ಟಲು ನೋಡಿದರು, ಹಿಡಿಸಲಿಲ್ಲ, ಸೆರಗಿನಲ್ಲಿ ಹಿಡಿದುಕೊಂಡರು. ನಾನು ಅಂಗಿ ತೆಗೆದು ಹೆಗಲ ಮೇಲೆ ಹಾಕಿಕೊಂಡು ಹಿಂದೆ ನಿಂತೆ. ಹುಂಡಿಗೆ ಎಲ್ಲ ಒಟ್ಟಿಗೆ ಹೋಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಹಾಕಬೇಕಾಯಿತು. ಹಿಂದಿನವರು ಕಾಯುತ್ತಿದ್ದರು. ಮೂರನೆಯ ಸಲ ಕೈ ಹಾಕುವಾಗ ಅವರಿಗೆ ಕೆಮ್ಮು ಬಂತು, ಕೆಮ್ಮು ನಿಲ್ಲುವವರೆಗೆ ನೋಟುಗಳನ್ನು ಎದೆಗೆ ಒತ್ತಿ ಹಿಡಿದು ನಿಂತರು. ಆಮೇಲೆ ಅದನ್ನೂ ಹಾಕಿದರು. ನನ್ನ ಕಣ್ಣಲ್ಲಿ ನೀರು ಬಂತು, ಭಕ್ತಿಯಿಂದಲ್ಲ. ಸಂಕಟ, ಸಿಟ್ಟು, ಎಲ್ಲ ನನ್ನ ಮೇಲೆಯೇ.

ಪ್ರಸಾದದ ಊಟ ಮಾಡಿ ಹೊರಗೆ ಬಂದು ಒಂದು ಕಟ್ಟೆಯ ಮೇಲೆ ಕುಳಿತೆವು. ಅವರ ಮುಖದಲ್ಲಿ ಒಂದು ಗತ್ತು ಇತ್ತು, ಮದುವೆ ಮುಗಿಸಿ ಕುಳಿತ ಯಜಮಾನಿತಿಯ ಹಾಗೆ.

"ಎಂತ ಕೇಳಿಕೊಂಡ್ರಿ?" ಎಂದು ಕೇಳಿದೆ.

"ಕೇಳುದು ಎಂತ? ಜನ್ಮ ಇಡೀ ಕೇಳಿದ್ದೇ. ಒಮ್ಮೆ ಕೊಡ್ಲಿಕ್ಕೆ ಬಂದವಳು ಕೇಳ್ತಾ ನಿಲ್ಲುದಾ? ನಮ್ಮ ಮನೆಯಿಂದ ಇಷ್ಟು ದೊಡ್ಡ ಹರಕೆ ಯಾರೂ ಹಾಕಿದ್ದಿಲ್ಲ ಮಾಸ್ಟ್ರೆ. ನನ್ನ ತಮ್ಮ ಸಹ ಇಲ್ಲ."

ಗ್ರೈಂಡರ್ ನಾನು ತೆಗೆಸಿಕೊಡುತ್ತೇನೆ, ಕಂತಿನಲ್ಲಿ ಕಟ್ಟಿದರಾಯಿತು ಎಂದೆ. ಅವರು ನನ್ನನ್ನು ನೋಡಿ ನಕ್ಕರು. "ಕೊಟ್ಟು ಬಂದ ದಿನವೇ ಇನ್ನೊಬ್ಬರ ಹತ್ರ ತೆಕ್ಕೊಳ್ಳುದಾ? ಬೇಡ. ನಿಮ್ಮದನ್ನು ನೀವು ಇಟ್ಕೊಳ್ಳಿ."

"ನನ್ನದು ಅಂತ ಎಂತದೂ ಇಲ್ಲ," ಎಂದೆ. "ನಾನು ಆ ಮಳೆಗಾಲದಲ್ಲೇ ಮಾರಿದೆ ಗುಲಾಬಿಯಕ್ಕ. ನಿಮಗೆ ಮುಡಿಪು ಅಂತ ಹೇಳಿದ ದಿನವೇ."

"ಗೊತ್ತುಂಟು," ಎಂದರು.

ನಾನು ಅವರ ಮುಖ ನೋಡಿದೆ.

"ಆವತ್ತು ಮಧ್ಯಾಹ್ನ, ಆಯ್ತು, ಮಾರುದಿಲ್ಲ ಅಂತ ನಿಮಗೆ ಹೇಳ್ಲಿಕ್ಕೆ ತಿರುಗಿ ಬಂದಿದ್ದೆ. ನೀವು ನಾಸಿರನ ಹತ್ರ ಫೋನಿನಲ್ಲಿ ಬೊಬ್ಬೆ ಹೊಡಿತಾ ಇದ್ರಿ, ನನ್ನದು ಪೂರಾ ಮಾರಿದೆ, ಹಣ ಬರ್ಲಿಲ್ಲ ಅಂತ. ಜಗಲಿಯಿಂದಲೇ ತಿರುಗಿ ಹೋದೆ."

"ಮತ್ತೆ ನೀವ್ಯಾಕೆ ಮಾರ್ಲಿಲ್ಲ? ನನ್ನನ್ನು ಯಾಕೆ ಬೈಲಿಲ್ಲ?"

"ಬೈಲಿಕ್ಕೆ ಎಂತ ಉಂಟು? ಹೆದರಿಕೆ ಆಯ್ತು. ಇಷ್ಟು ಓದಿದ ಮಾಸ್ಟ್ರಿಗೇ ಹಿಡ್ಕೊಳ್ಲಿಕ್ಕೆ ಆಗದ್ದು ನನಗೆ ಆಗ್ತದಾ? ಇದು ಮನುಷ್ಯರಿಂದ ಆಗುವ ಕೆಲಸ ಅಲ್ಲ ಅಂತ ಕಂಡಿತು. ನೀವು ಒಬ್ರು ಹಿಡ್ಕೊಂಡಿದ್ರೆ ನಿಮ್ಮನ್ನು ನೋಡಿ ನಾನೂ ಹಿಡ್ಕೊಳ್ತಿದ್ದೆ, ಮುಡಿಪು ಎಲ್ಲ ಬೇಕಾಗ್ತಿರ್ಲಿಲ್ಲ." ಅವರು ಕೆಮ್ಮಿ, ಸೆರಗಿನಿಂದ ಬಾಯಿ ಒರಸಿಕೊಂಡರು. "ಅದಕ್ಕೇ ಆವತ್ತು ಸಂಜೆ ಧರ್ಮಸ್ಥಳದ ಹೆಸರು ಹೇಳಿದ್ದು."

ಅಷ್ಟರಲ್ಲಿ ಕಕ್ಕಿಂಜೆಯ ಬಸ್ಸು ಬಂತು. ನಾಳೆ ಬ್ರಾಂಚಿಗೆ ಬೀಡಿ ಕೊಡುವ ದಿನ, ಇನ್ನೂ ಇನ್ನೂರು ಕಟ್ಟಲು ಬಾಕಿ ಉಂಟು ಎಂದು ಹೇಳಿ, ಅವರು ಬೇಗ ಬೇಗ ಹೋಗಿ ಹತ್ತಿದರು.